ಹನ್ನೊಂದು ಸಾವಿರ ಹೆಜ್ಜೆಯೂ ಮೂರು ತೆಂಗಿನಕಾಯಿಯೂ

ನನ್ನ ದೇಹ ಕುಳಿತುಕೊಳ್ಳಲಿಕ್ಕೆಂದೇ ಹುಟ್ಟಿದ್ದು. ಮನಸ್ಸು ಮಾತ್ರ ಒಂದು ಗಳಿಗೆಯೂ ಕುಳಿತುಕೊಳ್ಳುವುದಿಲ್ಲ. ಐವತ್ತೆರಡು ವರ್ಷಗಳಿಂದ ಇವೆರಡೂ ಒಂದೇ ಅಂಗಿಯೊಳಗೆ ಜಗಳವಾಡುತ್ತ ಸಂಸಾರ ಮಾಡಿಕೊಂಡು ಬಂದಿವೆ. ಕುರ್ಚಿಯಲ್ಲಿ ಕುಳಿತರೆ ಕಾಲು ತನ್ನಷ್ಟಕ್ಕೇ ಅಲ್ಲಾಡುತ್ತದೆ. ಎದ್ದು ನಿಂತರೆ ಯಾಕೆ ಎದ್ದೆ ಎಂದು ಮರೆತುಹೋಗುತ್ತದೆ. ಪೇಪರನ್ನು ಕೊನೆಯ ಪುಟದಿಂದ ಓದಲು ತೊಡಗಿ, ನಡುವಿಗೆ ಬರುವಷ್ಟರಲ್ಲಿ ಮಡಚಿ, ಬಾಗಿಲಿಗೆ ಹೋಗಿ ರಸ್ತೆ ನೋಡಿ ಮರಳುತ್ತೇನೆ. ರಸ್ತೆಯಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. "ನೀವು ಒಂದೋ ಕೂತ್ಕೊಳ್ಳಿ, ಇಲ್ಲಾ ಹೊರಡಿ. ಬಾಗಿಲಲ್ಲಿ ನಿಂತು ಗಾಳಿಗೆ ಅಡ್ಡ ಆಗ್ಬೇಡಿ ಮಾರಾಯ್ರೇ" ಎಂದು ನನ್ನ ಹೆಂಡತಿ ನಳಿನಿ ಪರ್ಕಳದ ನಮ್ಮ ಬಾಡಿಗೆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾಳೆ.

ಇಷ್ಟೆಲ್ಲ ಚಡಪಡಿಸುವ ಮನುಷ್ಯನಿಗೆ ವ್ಯಾಯಾಮ ಬೇರೆ ಯಾಕೆ ಬೇಕು ಎಂದು ನಾನು ತಿಳಿದಿದ್ದೆ. ಡಾಕ್ಟರು ಹಾಗೆ ತಿಳಿದಿರಲಿಲ್ಲ. ರಕ್ತ ಪರೀಕ್ಷೆಯ ಚೀಟಿ ನೋಡಿ, "ಶುಗರ್ ಗಡಿಯಲ್ಲಿ ಉಂಟು ಮಾಷ್ಟ್ರೇ. ಮೂರು ತಿಂಗಳು ದಿನಾ ನಡೆಯಿರಿ. ಇಳಿಯದಿದ್ದರೆ ಮಾತ್ರೆ ಶುರು ಮಾಡುವ" ಎಂದರು. ನಾನು ಹೆದರಿದ್ದು ಮಾತ್ರೆಗಲ್ಲ. ನಮ್ಮ ಅಮ್ಮನಿಗೆ ಇದೇ ಕಾಯಿಲೆ ಇತ್ತು. ಕಾಲಿನ ಗಾಯ ಒಣಗದೆ ಕೊನೆಯ ಎರಡು ವರ್ಷ ಅವರು ಮಂಚ ಬಿಟ್ಟು ಇಳಿಯಲಿಲ್ಲ. ಆ ಗಾಯವನ್ನು ದಿನಾ ತೊಳೆದವಳು ನನ್ನ ಅಕ್ಕ ಜಲಜ. ನನಗಿಂತ ಆರು ವರ್ಷ ದೊಡ್ಡವಳು, ಕಾರ್ಕಳದಲ್ಲಿ ಟೈಲರಿಂಗ್ ಮಾಡುತ್ತಾಳೆ. ಸುದ್ದಿ ತಿಳಿದ ಕೂಡಲೇ ಫೋನು ಮಾಡಿದಳು. "ನೋಡು, ನಂದೂ ಗಡಿಯಲ್ಲೇ ಉಂಟು. ಇಬ್ಬರೂ ಒಟ್ಟಿಗೆ ನಡೆಯುವ. ನೀನು ಅಲ್ಲಿ, ನಾನು ಇಲ್ಲಿ. ದಿನಾ ಎಂತ ಮಾಡಿದ್ದು ಅಂತ ಒಬ್ಬರಿಗೊಬ್ಬರು ಹೇಳ್ಬೇಕು, ಆಯ್ತಾ?"

ಹೀಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಗುಂಪು ಹುಟ್ಟಿತು. ಮೂರನೆಯವರಾಗಿ ಸೇರಿಕೊಂಡವರು ನನ್ನ ಸಹೋದ್ಯೋಗಿ ಸದಾನಂದ. ಕಾಪುವಿನ ನಮ್ಮ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು, ಅವರು ಡ್ರಿಲ್ ಮೇಷ್ಟ್ರು. ಮೀನುಗಾರರ ಮನೆಯವರು, ಬಾಲ್ಯದಲ್ಲಿ ಬಲೆ ಎಳೆದ ತೋಳು. ಅವರು ಬೆಳಿಗ್ಗೆ ಕಡಲ ತೀರದ ದೀಪಸ್ತಂಭದ ಕೆಳಗೆ ಮರಳಿನಲ್ಲಿ ಓಡಿ, ಬೆವರು ಇಳಿಯುವ ಮುಖದ ಫೋಟೋ ಹಾಕುತ್ತಿದ್ದರು. ಅಕ್ಕ ಫೋಟೋ ಹಾಕುವವಳಲ್ಲ, ಒಂದು ಸಾಲು ಬರೆಯುವವಳು. ಸೋಮವಾರ ಆನೆಕೆರೆಗೆ ಒಂದು ಸುತ್ತು. ಮಂಗಳವಾರ ಗೊಮ್ಮಟ ಬೆಟ್ಟ ಒಂದು ಸಲ ಹತ್ತಿ ಇಳಿದದ್ದು. ಬುಧವಾರ ಯೋಗ. ಗುರುವಾರ ಭಾವನೊಟ್ಟಿಗೆ ಶಟ್ಲ್, ಭಾವ ಸೋತರು. ಕೊನೆಯಲ್ಲಿ ಯಾವಾಗಲೂ ಒಂದೇ ಪ್ರಶ್ನೆ: "ನಿಂದೆಂತ?"

ನಾನೇನು ಪ್ರಯತ್ನಿಸದೆ ಕುಳಿತವನಲ್ಲ. ಆರಂಭಶೂರತನದಲ್ಲಿ ನನ್ನನ್ನು ಮೀರಿಸುವವರು ಉಡುಪಿ ಜಿಲ್ಲೆಯಲ್ಲಿ ಇರಲಾರರು. ಮೊದಲು ಮಣಿಪಾಲದ ಒಂದು ಜಿಮ್ಮಿಗೆ ಸೇರಿದೆ. ಅಲ್ಲಿ ಕಾಲೇಜು ಹುಡುಗರು ನನ್ನ ಸೊಂಟದಷ್ಟು ದಪ್ಪದ ತೋಳುಗಳನ್ನು ಕನ್ನಡಿಗೆ ತೋರಿಸಿಕೊಳ್ಳುತ್ತಿದ್ದರು. ನಾನು ಬಂದರೆ "ಅಂಕಲ್, ಕೂತ್ಕೊಳ್ಳಿ" ಎಂದು ಬೆಂಚು ಬಿಟ್ಟುಕೊಡುತ್ತಿದ್ದರು. ವ್ಯಾಯಾಮದ ಬೆಂಚನ್ನು ಬಸ್ಸಿನ ಸೀಟಿನಂತೆ ಬಿಟ್ಟುಕೊಟ್ಟ ಮೇಲೆ ಅದರಲ್ಲಿ ಭಾರ ಎತ್ತುವುದು ಹೇಗೆ? ನಾಲ್ಕನೆಯ ದಿನಕ್ಕೆ ಬಿಟ್ಟೆ. ಆಮೇಲೆ ತಾರಸಿಯಲ್ಲಿ ಯೋಗ. ಶವಾಸನವೊಂದು ನನಗೆ ಚೆನ್ನಾಗಿ ಒಗ್ಗಿತು. ಅದರಲ್ಲೇ ನಿದ್ದೆ ಹೋಗಿ ಶಾಲೆಯ ಬಸ್ಸು ತಪ್ಪಿತು. ಆಮೇಲೆ ಹಳೆಯ ಸೈಕಲ್ಲು. ಪರ್ಕಳದಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ ನಾನು ಅದನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಹಗ್ಗದಾಟ ಶುರು ಮಾಡಿದ ದಿನ ಕೆಳಗಿನ ಮನೆಯವರು ಬಂದು, "ಮೇಲೆ ಎಂತ ರಿಪೇರಿ ನಡೀತಾ ಉಂಟು?" ಎಂದು ವಿಚಾರಿಸಿದರು. ಕೊನೆಗೆ ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕಿಗೆ ಹೋಗಿ ನಡೆಯೋಣವೆಂದರೆ ಹತ್ತು ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ ಎದುರಾಗಿ "ಸರ್, ಗುರುತು ಸಿಕ್ಕಿತಾ?" ಎನ್ನುತ್ತಿದ್ದ. ಗುರುತು ಸಿಗುವವರೆಗೆ ನಿಲ್ಲಬೇಕಲ್ಲ! ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನೀವು ಅನ್ನಬಹುದು. ಅನ್ನಿ, ನಳಿನಿ ಆಗಲೇ ಅಂದಾಗಿದೆ.

ಈ ನಡುವೆ ಸದಾನಂದ ಒಂದು ಉಪಾಯ ಹೂಡಿದರು. ಮೂವರೂ ಹೆಜ್ಜೆ ಎಣಿಸುವ ಕೈಗಡಿಯಾರ ಕಟ್ಟಿಕೊಳ್ಳುವುದು. ಒಬ್ಬರ ಹೆಜ್ಜೆ ಇನ್ನೊಬ್ಬರ ಮೊಬೈಲಿನಲ್ಲಿ ತಾನಾಗಿಯೇ ಕಾಣಿಸುವುದು. ಮೊದಲ ವಾರ ದಿನಕ್ಕೆ ಅಕ್ಕ ಆರು ಸಾವಿರ, ಸದಾನಂದ ಒಂಬತ್ತು, ನಾನು ಎರಡು ಸಾವಿರದ ಎಂಟುನೂರು. ನನ್ನ ಹೆಸರು ದಿನಾ ಕೆಳಗೆ. ಜೀವನದಲ್ಲಿ ಯಾವ ಸಾಲಿನಲ್ಲೂ ಕೊನೆಯಲ್ಲಿ ನಿಂತವನಲ್ಲ ನಾನು. ಇದೊಂದು ಅಂಕಿ ನನ್ನ ನೆಮ್ಮದಿಯನ್ನು ಪೂರಾ ತಿಂದುಹಾಕಿತು. ಪಾಠದ ಮಧ್ಯೆ ಕೈ ನೋಡುತ್ತಿದ್ದೆ, ಊಟದ ಮಧ್ಯೆ ಕೈ ನೋಡುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ನಳಿನಿಗೆ ಕೈನೋವು. "ಇವತ್ತೊಂದು ದಿನ ಕಾಯಿ ತುರಿದು ಕೊಡಿ" ಎಂದಳು. ತುರಿಮಣೆಯ ಮೇಲೆ ಕುಳಿತೆ. ಎರಡು ಹೋಳು ಮುಗಿಸಿ ಅಭ್ಯಾಸದಂತೆ ಕೈ ನೋಡಿದರೆ ಗಡಿಯಾರದಲ್ಲಿ ಏಳುನೂರು ಹೆಜ್ಜೆ ಏರಿದೆ! ನಾನು ಕುಳಿತಲ್ಲಿಂದ ಏಳಲೇ ಇಲ್ಲ. ಕೈ ಹಿಂದೆ ಮುಂದೆ ಆಡಿದ್ದನ್ನೆಲ್ಲ ಆ ಬಡಪಾಯಿ ಗಡಿಯಾರ ನಡಿಗೆ ಎಂದು ಬಗೆದಿತ್ತು. ನಾನು ಹಿಂದೆ ಮುಂದೆ ನೋಡಲಿಲ್ಲ. "ಇನ್ನೊಂದು ಕಾಯಿ ಒಡೆಯಲಾ?" ಎಂದು ಕೇಳಿದೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಮೊದಲ ಸಲ ಕೇಳಿದ ನಳಿನಿ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಆಮೇಲೆ ನಾನು ಪಳಗಿದೆ. ಒತ್ತಿ ತುರಿದರೆ ಕಾಯಿ ಬೇಗ ಮುಗಿಯುತ್ತದೆ, ಹೆಜ್ಜೆ ಕಡಿಮೆ. ಹೂವಿನಂತೆ ಹಗುರವಾಗಿ ಕೈಯಾಡಿಸಿದರೆ ಒಂದು ಕಾಯಿಗೆ ಎರಡು ಸಾವಿರದವರೆಗೂ ನಡೆಯಬಹುದು. ತುರಿಯೂ ನಯವಾಗಿ ಬೀಳುತ್ತದೆ. ಹೆಬ್ರಿಯ ಮಾವನ ಮನೆಯಿಂದ ಬರುತ್ತಿದ್ದ ಚೀಲದಲ್ಲಿ ಕಾಯಿಗೆ ಬರವಿರಲಿಲ್ಲ. ದಿನಕ್ಕೆ ಮೂರು ಕಾಯಿ, ಶಾಲೆಯಲ್ಲಿ ಬೋರ್ಡು ಒರೆಸುವ ಕೆಲಸ ಬೇರೆ. ಹದಿನೈದು ದಿನಗಳಲ್ಲಿ ಹನ್ನೊಂದು ಸಾವಿರ ತಲುಪಿದೆ. ಸದಾನಂದ ಚಪ್ಪಾಳೆಯ ಚಿತ್ರ ಕಳಿಸಿದರು. "ಮಾಷ್ಟ್ರೇ, ನೀವು ಯಾವ ರೂಟಿನಲ್ಲಿ ನಡೆಯುವುದು?" ಎಂದು ಕೇಳಿದಾಗ, "ಹೀಗೆ, ಮನೆಯ ಹತ್ತಿರವೇ" ಎಂದೆ. ಅದೇನೂ ಸುಳ್ಳಲ್ಲ. ತುರಿದ ಕಾಯಿ ಎಲ್ಲಿಗೆ ಹೋಗುತ್ತಿತ್ತು ಎಂದು ನೀವು ಕೇಳಬಹುದು. ಬಂಗುಡೆ ಗಸಿಗೆ, ಕೋಳಿ ಸುಕ್ಕಕ್ಕೆ, ಚಟ್ನಿಗೆ, ಪಲ್ಯಕ್ಕೆ, ಇನ್ನೂ ಉಳಿದದ್ದು ಬೆಲ್ಲದೊಂದಿಗೆ ಪಾಯಸಕ್ಕೆ. ಇಷ್ಟು ನಡೆಯುವವನಿಗೆ ಎರಡು ಲೋಟ ಪಾಯಸ ಏನೂ ಮಾಡುವುದಿಲ್ಲ ಎಂದು ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಪ್ಯಾಂಟಿನ ಗುಂಡಿ ಮಾತ್ರ ನಂಬಲಿಲ್ಲ.

ಅಕ್ಕನ ಸಾಲುಗಳು ಬದಲಾಗತೊಡಗಿದ್ದು ಆಗ. ಆನೆಕೆರೆಗೆ ಎರಡು ಸುತ್ತು. ಮರುದಿನ ಮೂರು. ಬೆಟ್ಟ ಎರಡು ಸಲ. "ತಮ್ಮ ಹನ್ನೊಂದು ಸಾವಿರ ನಡೆಯುವಾಗ ನಾನು ಕೂತು ಬಟ್ಟೆ ಹೊಲಿಯುವುದಾ?" ಎಂದು ಬರೆದಿದ್ದಳು. ಓದಿ ಹೆಮ್ಮೆಪಟ್ಟೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಒಂದು ವಾರ ಕಳೆದ ಮೇಲೆ ಭಾವ ಫೋನು ಮಾಡಿದರು. ಅವರು ಮಾತು ಕಡಿಮೆಯ ಮನುಷ್ಯ.

"ನೀನು ಸ್ವಲ್ಪ ಕಡಿಮೆ ನಡೆ ಮಾರಾಯ" ಎಂದರು.

"ಯಾಕೆ ಭಾವ?"

"ನಿನ್ನ ಅಕ್ಕನ ಮೊಣಕಾಲು ಊದಿದೆ. ಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಮತ್ತೆ ಹೊರಡ್ತಾಳೆ. ಬೇಡ ಅಂದ್ರೆ, ಅವನು ಇವತ್ತು ಎಷ್ಟಾಯ್ತು ನೋಡಿ ಅಂತ ಮೊಬೈಲು ತೋರಿಸ್ತಾಳೆ. ನಾನೆಂತ ಹೇಳುವುದು?"

ಕಡಿಮೆ ನಡೆಯಿರಿ ಎಂದು ಯಾರಾದರೂ ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ನಗು ಬರಬೇಕಿತ್ತು, ಬರಲಿಲ್ಲ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ಎಂಟನೆಯ ತರಗತಿಗೆ ಎಷ್ಟೋ ವರ್ಷ ವಿಸ್ತರಿಸಿ ಬರೆಸಿದ್ದೇನೆ. ಕೋತಿಯ ಮುಖ ಹೇಗಿರುತ್ತದೆಂದು ಆ ದಿನ ಕನ್ನಡಿಯಲ್ಲಿ ಕಂಡೆ. ಅಕ್ಕನಿಗೆ ಹೇಳಿಬಿಡಬೇಕು ಎಂದು ಎರಡು ಸಲ ಫೋನು ಎತ್ತಿಕೊಂಡೆ. ಏನೆಂದು ಹೇಳುವುದು? ನಿನ್ನ ತಮ್ಮ ಕುಳಿತಲ್ಲೇ ಕಾರ್ಕಳದವರೆಗೆ ನಡೆದ ಎಂದೇ? ನಾಳೆಯಿಂದ ಒಂದೊಂದೇ ಕಾಯಿ ಇಳಿಸಿದರೆ ಯಾರಿಗೂ ಗೊತ್ತಾಗದು ಎಂದು ಅಡ್ಡದಾರಿಯಿಂದ ಮರಳುವುದಕ್ಕೂ ಒಂದು ಅಡ್ಡದಾರಿ ಹುಡುಕಿದೆ.

ಆದರೆ ಆ ಶನಿವಾರ ಹೆಬ್ರಿಯಿಂದ ನಳಿನಿಯ ತವರಿನವರು ಹನ್ನೆರಡು ಮಂದಿ ಊಟಕ್ಕೆ ಬರುವವರಿದ್ದರು. ನಳಿನಿ ಬೆಳಿಗ್ಗೆಯೇ ಏಳು ಕಾಯಿ ಒಡೆದು ಮುಂದಿಟ್ಟಳು. "ಈಗ ಊರಿಗೆಲ್ಲ ನಿಮ್ಮ ಕೈಯ ತುರಿಯೇ ಬೇಕಂತೆ" ಎಂದಳು. ಬಂದವರ ಗಡಿಬಿಡಿಯಲ್ಲಿ ಗಡಿಯಾರ ಬಿಚ್ಚಿಡಲು ಮರೆತೆ. ಊಟ ಮುಗಿದು ಎಲೆ ಎತ್ತುವಾಗ ನೋಡಿಕೊಂಡರೆ ಹತ್ತೊಂಬತ್ತು ಸಾವಿರ ಚಿಲ್ಲರೆ. ಅಕ್ಕನ ಸಾಲು ಅಷ್ಟರಲ್ಲೇ ಬಂದಿತ್ತು: "ಶಹಬ್ಬಾಸ್. ನಾಳೆ ಬೆಳಿಗ್ಗೆ ನಾನು ಬೆಟ್ಟ ನಾಲ್ಕು ಸಲ."

ಮರುದಿನ ಮೊದಲ ಬಸ್ಸಿಗೇ ಕಾರ್ಕಳಕ್ಕೆ ಹೊರಟೆ. ಬಸ್ಸಿನಿಂದ ನಾಲ್ಕು ಸಲ ಫೋನು ಮಾಡಿದೆ, ಅವಳು ಎತ್ತಲಿಲ್ಲ. ಬೆಟ್ಟದ ಬುಡಕ್ಕೆ ಬಂದಾಗ ಭಾವ ಸ್ಕೂಟರಿನ ಮೇಲೆ ಕುಳಿತಿದ್ದರು. "ಹೊರಟಾಗಿದೆ" ಎಂದು ಗಲ್ಲದಿಂದ ಮೇಲಕ್ಕೆ ತೋರಿಸಿದರು. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳ ನಡುವೆ ಒಂದು ಹಳದಿ ಚೂಡಿದಾರ ಪಕ್ಕದ ಕಂಬಿ ಹಿಡಿದುಕೊಂಡು ಕಾಲೆಳೆಯುತ್ತ ಏರುತ್ತಿತ್ತು. "ಅಕ್ಕಾ, ನಿಲ್ಲು!" ಎಂದು ಕೂಗಿದೆ. ಅವಳು ತಿರುಗಿ ನೋಡಿ, ಕೈ ಬೀಸಿ, ಮತ್ತೆ ಹತ್ತತೊಡಗಿದಳು. ಬೇರೆ ದಾರಿಯಿಲ್ಲದೆ ನಾನೂ ಹತ್ತಿದೆ. ಮೂವತ್ತನೆಯ ಮೆಟ್ಟಿಲಿಗೆ ಉಸಿರು ಕಟ್ಟಿತು. ಅರುವತ್ತಕ್ಕೆ ತೊಡೆ ನಡುಗತೊಡಗಿತು. ಶಾಲಾ ಪ್ರವಾಸದ ಮಕ್ಕಳ ಗುಂಪೊಂದು ನನ್ನನ್ನು ದಾಟಿ ಹೋಯಿತು, ಅವರ ಟೀಚರು ದಾಟಿದರು, ಕೊನೆಗೆ ಊಟದ ಡಬ್ಬ ಹೊತ್ತ ಅಜ್ಜಿಯೊಬ್ಬರೂ ದಾಟಿ ಹೋದರು. ಅಕ್ಕನ ಬಳಿ ತಲುಪಿದಾಗ ಅವಳು ಒಂದು ಮೆಟ್ಟಿಲಲ್ಲಿ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ನಾನು ಕುಳಿತೆ ಎನ್ನುವುದಕ್ಕಿಂತ ಬಿದ್ದೆ ಎನ್ನಬೇಕು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹತ್ತೊಂಬತ್ತು ಸಾವಿರ ನಡೆಯುವವನು ಇಷ್ಟಕ್ಕೇ ಏದುಸಿರು ಬಿಡ್ತೀಯಲ್ಲ, ಎಂತ ಮಾರಾಯ?"

ಎಲ್ಲವನ್ನೂ ಹೇಳಿದೆ. ತುರಿಮಣೆ, ಹಗುರವಾದ ಕೈ, ಪಾಯಸ, ಏಳು ಕಾಯಿ, ಒಂದನ್ನೂ ಬಿಡಲಿಲ್ಲ. ಅವಳು ನಗುತ್ತಾಳೆಂದುಕೊಂಡಿದ್ದೆ. ಅಥವಾ ಬೈಯುತ್ತಾಳೆಂದು. ಅವಳು ಎರಡೂ ಮಾಡಲಿಲ್ಲ.

"ನಂಗೆ ಶುಗರ್ ಇಲ್ಲ" ಎಂದಳು.

"ಎಂತ?"

"ಇಲ್ಲ. ಡಾಕ್ಟರು ಕಳೆದ ತಿಂಗಳೂ ನೋಡಿದ್ದಾರೆ. ನೀನು ಚಿಕ್ಕಂದಿನಿಂದ ಹಾಗೆಯೇ, ಮುಂದೆ ಯಾರಾದರೂ ಓಡಿದರೆ ಮಾತ್ರ ಓಡುವವನು. ಶಾಲೆಗೆ ಹೋಗುವಾಗ ನಾನು ಮುಂದೆ ಓಡದಿದ್ದರೆ ನೀನು ಕಟ್ಟೆಯಲ್ಲೇ ಕೂತಿರ್ತಿದ್ದೆ. ಅದಕ್ಕೇ ನಂಗೂ ಉಂಟು ಅಂದೆ. ನಾನು ನಿಲ್ಲಿಸಿದರೆ ನೀನೂ ನಿಲ್ಲಿಸ್ತೀಯ ಅಂತ ನಿಲ್ಲಿಸಲಿಲ್ಲ." ಮೊಣಕಾಲು ನೀವಿಕೊಳ್ಳುತ್ತಲೇ ಹೇಳಿದಳು: "ಅಮ್ಮನ ಕಾಲು ತೊಳೆದದ್ದು ನಾನಲ್ವಾ? ಇನ್ನೊಂದು ಕಾಲು ತೊಳೆಯಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ."

ನನಗೆ ಅಳು ಬಂತು. ಮೇಷ್ಟ್ರಾದವನು ಪ್ರವಾಸದ ಮಕ್ಕಳ ಎದುರಿಗೆ ಅಳಬಾರದೆಂದು ಬೆವರು ಒರೆಸುವ ನೆಪದಲ್ಲಿ ಮುಖವನ್ನೆಲ್ಲ ಒರೆಸಿಕೊಂಡೆ. ಇಳಿಯುವಾಗ ಅವಳ ಮೊಣಕಾಲು ಮಡಚುತ್ತಿರಲಿಲ್ಲ, ನನ್ನದು ನೆಟ್ಟಗಾಗುತ್ತಿರಲಿಲ್ಲ. ಅವಳು ನನ್ನ ಹೆಗಲು ಹಿಡಿದಳು, ನಾನು ಕಂಬಿ ಹಿಡಿದೆ. ಒಂದೊಂದೇ ಮೆಟ್ಟಿಲು ಇಳಿದು ಬುಡ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಆರು ವಾರ ಬೆಟ್ಟ ಬೇಡ, ಕೆರೆಯೂ ಬೇಡ ಎಂದರು. ಹೊರಗೆ ಬಂದು ಕುಳಿತಲ್ಲೇ ಅಕ್ಕ ಗುಂಪಿನಲ್ಲಿ ಸಾಲು ಬರೆದಳು: "ಇವತ್ತು ತಮ್ಮನೊಟ್ಟಿಗೆ ಬೆಟ್ಟ. ಅವನೇ ನನ್ನನ್ನು ಇಳಿಸಿಕೊಂಡು ಬಂದದ್ದು." ಕಾಯಿಯ ಸುದ್ದಿ ಒಂದಕ್ಷರವಿಲ್ಲ. ಸದಾನಂದ ಕೂಡಲೇ ಚಪ್ಪಾಳೆ ಕಳಿಸಿದರು. ಅಷ್ಟು ಭಾರದ ಚಪ್ಪಾಳೆಯನ್ನು ನಾನು ಹಿಂದೆ ಕಂಡಿರಲಿಲ್ಲ.

ಈಗ ನಿಜವಾಗಿಯೇ ನಡೆಯುತ್ತಿದ್ದೇನೆ. ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳ ಕೆರೆಗೆ ಒಂದು ಸುತ್ತು, ಕಾಲು ಅಡ್ಡಿಮಾಡದಿದ್ದರೆ ಎರಡು. ಮನೆಯಲ್ಲಿ ದಿನಕ್ಕೆ ಒಂದೇ ಕಾಯಿ, ಅದನ್ನೂ ಗಡಿಯಾರ ಬಿಚ್ಚಿಟ್ಟು ತುರಿಯುತ್ತೇನೆ. ಒಟ್ಟು ನಾಲ್ಕು ಸಾವಿರ ದಾಟಿದರೆ ಹೆಚ್ಚು. ಕಾಲಿನ ಮೀನಖಂಡ ಎಂಬ ಜಾಗ ಎಲ್ಲಿದೆ ಎಂದು ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿದುಕೊಂಡೆ. ಆದರೆ ಲೋಕ ನೋಡಿ. ಕುಳಿತು ಹನ್ನೊಂದು ಸಾವಿರ ನಡೆದಾಗ ಚಪ್ಪಾಳೆ ಕಳಿಸಿದ ಸದಾನಂದ, ಬೆವರು ಸುರಿಸಿ ನಾಲ್ಕು ಸಾವಿರ ನಡೆದದ್ದನ್ನು ಕಂಡು ಮೊನ್ನೆ ಗುಂಪಿನಲ್ಲೇ ಕೇಳಿದರು: "ಎಂತ ಮಾಷ್ಟ್ರೇ, ಹುಷಾರಿಲ್ವಾ? ಅಂಕಿ ಪೂರಾ ಬಿದ್ದುಹೋಗಿದೆ."

ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡೋಣವೆಂದು ಕುಳಿತೆ. "ಮಾಷ್ಟ್ರೇ, ಸಂಗತಿ ಏನೆಂದರೆ" ಎಂದು ಶುರು ಮಾಡಿದೆ, ಅಳಿಸಿದೆ. ಮತ್ತೊಮ್ಮೆ ಬರೆದೆ, ಅಳಿಸಿದೆ. ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದೆ. ಕೊನೆಗೆ ಬೆರಳು ತಾನಾಗಿಯೇ, "ಸ್ವಲ್ಪ ಮೊಣಕಾಲು ನೋವು" ಎಂದು ಬರೆದು ಕಳಿಸಿತು.

ಒಂದು ನಿಮಿಷವೂ ಆಗಿರಲಿಲ್ಲ. ಕಾರ್ಕಳದಲ್ಲಿ ಕಾಲು ಚಾಚಿ ಕುಳಿತಿದ್ದ ಅಕ್ಕನ ಉತ್ತರ ಬಂತು: "ಯಾರದ್ದು?"

ಚಪ್ಪಲಿ ಮೆಟ್ಟಿಕೊಂಡು ನಡೆಯಲು ಹೊರಟುಬಿಟ್ಟೆ.