ಸಾಹೇಬರ ಜೆರುಸಲೇಂ ಗೆಡ್ಡೆ

ನಾಗಪುರದ ಬಿಸಿಲು ನೆತ್ತಿಗೇರಿದರೆ ನಮ್ಮಂಥವರಿಗೆ ತಲೆ ಸುತ್ತುತ್ತದೆ, ಸಾಹೇಬರಿಗೆ ಮಾತ್ರ ಹೊಸ ಯೋಜನೆ ಹೊಳೆಯುತ್ತದೆ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ಇಂಥ ಮೂವರನ್ನು ಕಂಡಿದ್ದೇನೆ. ಒಬ್ಬರಿಗೆ ಯೋಗದ ಹುಚ್ಚು, ಇನ್ನೊಬ್ಬರಿಗೆ ಕಡತಗಳಿಗೆ ಬಣ್ಣದ ದಾರ ಕಟ್ಟಿಸುವ ಹುಚ್ಚು. ಈಗಿನವರಿಗೆ ಗೆಡ್ಡೆ.

ಇವರು ಮೈಸೂರು ಕಡೆಯವರು, ಶಿಮ್ಲಾದಿಂದ ವರ್ಗವಾಗಿ ಬಂದವರು. ಬರುವಾಗ ಒಂದು ಚೀಲ ಜೆರುಸಲೇಂ ಆರ್ಟಿಚೋಕ್ ತಂದರು. ಗೆಡ್ಡೆ ನೋಡಲು ಹಸಿ ಶುಂಠಿ, ಗಿಡ ಸೂರ್ಯಕಾಂತಿಯ ತಂಗಿ. ಸಕ್ಕರೆ ಕಾಯಿಲೆಗೆ ರಾಮಬಾಣ ಅಂತ ಅವರ ನಂಬಿಕೆ. ನನಗೆ ಬೇಕಿದ್ದದ್ದು ಧಾರವಾಡಕ್ಕೆ ವರ್ಗ, ಅಷ್ಟೇ. ಹೆಂಡತಿಗೆ ಅಲ್ಲಿ ಶಾಲೆಯಲ್ಲಿ ಕೆಲಸ, ಮಗಳೂ ಅಲ್ಲೇ. ಇಲ್ಲಿ ನಾನು ನಾನೇ ಮಾಡಿದ ಗಂಟುಗಂಟು ಉಪ್ಪಿಟ್ಟು ತಿಂದು ಮೂರು ವರ್ಷ ಕಳೆದಿದ್ದೆ. ಅರ್ಜಿಗೆ ಸಾಹೇಬರ ಶಿಫಾರಸು ಬೇಕಿತ್ತು.

"ಮೊದಲು ಬೆಳೆ ಬರಲಿ ರೀ, ಆಮೇಲೆ ನೋಡೋಣ" ಎಂದರು.

ಕೂಲರ್ ಮುಂದೆ

ಮೇ ತಿಂಗಳಲ್ಲಿ ಕುಂಡಗಳಲ್ಲಿ ಗೆಡ್ಡೆ ನೆಟ್ಟಾಯಿತು. ಮೊಳಕೆಗಳು ಬಿಸಿಲಿಗೆ ಸೊರಗಿದವು.

"ಶಿಮ್ಲಾದಲ್ಲಿ ಆಳೆತ್ತರ ಬೆಳೆದಿತ್ತು. ಇಲ್ಲೂ ಶಿಮ್ಲಾ ಹವೆ ಕೊಟ್ಟರೆ ಆಯ್ತು" ಎಂದು ಸಾಹೇಬರು ಕುಂಡಗಳನ್ನು ನಮ್ಮ ಸೆಕ್ಷನ್ನಿನ ಒಳಗಿಡಿಸಿ, ಇದ್ದ ಒಂದೇ ಕೂಲರಿನ ಮುಖ ಅವುಗಳ ಕಡೆ ತಿರುಗಿಸಿದರು. ಗಿಡಗಳು ತಂಪಾಗಿ ತಲೆದೂಗಿದವು. ನಾವು ಹನ್ನೊಂದು ಜನ ಬೆವರಲ್ಲಿ ಬೆಂದೆವು. ಬೆವರಿಗೆ ಶಾಯಿ ಕಲಸಿಹೋದ ಕಾಗದಕ್ಕೂ ನಾವೇ ಬೈಸಿಕೊಂಡೆವು.

ನಾಲ್ಕನೇ ದಿನ ನಮ್ಮ ಮರಾಠಿ ಟೈಪಿಸ್ಟ್ ತನ್ನ ಕುರ್ಚಿ ಎತ್ತಿಕೊಂಡು ಹೋಗಿ ಕುಂಡಗಳ ಸಾಲಿನ ಮಧ್ಯೆ ಕೂತುಬಿಟ್ಟ. ಸಾಹೇಬರು ಕಣ್ಣು ಕೆಂಪಗೆ ಮಾಡಿದರು. "ಇಲ್ಲೇನ್ರೀ ಮಾಡ್ತಿದ್ದೀರಿ?"

ಅವನು ಎದ್ದು ನಿಂತು ವಿನಯದಿಂದ ಹಿಂದಿಯಲ್ಲಿ ಹೇಳಿದ: "ಸಾಬ್, ನಾನೂ ಶಿಮ್ಲಾದವನೇ."

ಇತವಾರಿಯಲ್ಲಿ

ಮಳೆ ಬಿದ್ದ ಮೇಲೆ ಗಿಡಗಳನ್ನು ಕಚೇರಿಯ ಹಿಂದಿನ ಕಪ್ಪು ಮಣ್ಣಿಗೆ ಇಳಿಸಿದೆವು. ಚಳಿಗಾಲಕ್ಕೆ ಗೆಡ್ಡೆ ಬಂತು. ಮಾರುಕಟ್ಟೆಯಲ್ಲಿ ಇದಕ್ಕೆ ಎಂಥ ಬೇಡಿಕೆ ಇದೆ ನೋಡಿ ಬನ್ನಿ ಅಂತ ಸಾಹೇಬರು ನನ್ನನ್ನೇ ಅಟ್ಟಿದರು. ಅರ್ಜಿ ಅವರ ಮೇಜಿನ ಮೇಲಿತ್ತು, ಹೋಗದೆ ಇರುವುದುಂಟೇ?

ಇತವಾರಿ ಪೇಟೆಯ ಮುದುಕ ವ್ಯಾಪಾರಿ ಒಂದು ತುಂಡು ಕಚ್ಚಿ, ಬಹಳ ಹೊತ್ತು ಅಗಿದು, ಉಗಿದ. "ಖಾರ ಇಲ್ಲದ ಶುಂಠಿ, ಸಿಹಿ ಇಲ್ಲದ ಗೆಣಸು, ರೂಪ ಇಲ್ಲದ ಬಟಾಟೆ. ಮೂರನ್ನೂ ಕೆಡಿಸಿ ಒಂದು ಮಾಡ್ಯಾರ" ಎಂಬರ್ಥದಲ್ಲಿ ಹಿಂದಿಯಲ್ಲಿ ಏನೋ ಹೇಳಿ, ಕೊನೆಗೆ ಕೇಳಿದ: "ಯಾವ ಸರ್ಕಾರಿ ಆಫೀಸಿಂದ ತಂದ್ರಿ?"

ತಪಾಸಣೆ

ಮಾರಾಟವಾಗದ ಗೆಡ್ಡೆಯನ್ನು ತಿನ್ನಿಸಲೇಬೇಕಲ್ಲ. ದಿಲ್ಲಿಯಿಂದ ಮೂವರು ಅಧಿಕಾರಿಗಳು ತಪಾಸಣೆಗೆ ಬಂದ ದಿನ ಊಟಕ್ಕೆ ಅದರದೇ ಪಲ್ಯ, ಅದರದೇ ಕೋಸಂಬರಿ, ಅದರದೇ ಬಜ್ಜಿ. ಈ ಗೆಡ್ಡೆ ಹೊಟ್ಟೆಯಲ್ಲಿ ವಾಯು ಎಬ್ಬಿಸುತ್ತದೆ ಎನ್ನುವುದನ್ನು ಮಾತ್ರ ಸಾಹೇಬರು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಮೊದಲ ಸದ್ದು ಯಾರದೆಂದು ನಾನು ಹೇಳಲಾರೆ, ಅವರು ನನಗಿಂತ ಬಹಳ ಮೇಲಿನವರು. ಎರಡನೆಯದಕ್ಕೆ ಎಲ್ಲರೂ ಕೆಮ್ಮಿದರು. ಆಮೇಲೆ ಕೆಮ್ಮಿಗೂ ಧೈರ್ಯ ಉಳಿಯಲಿಲ್ಲ. ಎರಡು ದಿನದ ತಪಾಸಣೆ ಸಭೆ ಶುರುವಾಗಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಸಭಾಂಗಣಕ್ಕೆ ಇನ್ನಷ್ಟು ಕಿಟಕಿಗಳು ಅತ್ಯಗತ್ಯ.

ಸಲಿಕೆ

ಬೆಳೆ ಮುಗಿದಿತ್ತು. ಅರ್ಜಿಯ ವಿಷಯ ಕೇಳಿದೆ. "ಮಣ್ಣಲ್ಲಿ ಇನ್ನೂ ಸ್ವಲ್ಪ ಗೆಡ್ಡೆ ಉಳಿದಿದೆಯಲ್ಲ, ಇನ್ನೊಂದು ವರ್ಷ ನೋಡೋಣ" ಎಂದರು ಸಾಹೇಬರು. ನನ್ನ ಪಿತ್ತ ನೆತ್ತಿಗೇರಿತು. ಗೆಡ್ಡೆಯೇ ಇಲ್ಲದಿದ್ದರೆ ಇನ್ನೊಂದು ವರ್ಷವೆಲ್ಲಿಂದ? ಭಾನುವಾರ ಸಲಿಕೆ ಹಿಡಿದು ಹೋಗಿ, ಕೈಗೆ ಬೊಬ್ಬೆ ಬರುವ ತನಕ ಮಣ್ಣಿನೊಳಗಿನ ಒಂದೊಂದು ಗೆಡ್ಡೆಯನ್ನೂ ಕೊಚ್ಚಿ ಕೊಚ್ಚಿ ಚೂರು ಮಾಡಿ, ಅಲ್ಲೇ ಮಣ್ಣು ಮುಚ್ಚಿ ಬಂದೆ. ಆ ರಾತ್ರಿಯಷ್ಟು ಚೆನ್ನಾಗಿ ನಾನು ನಾಗಪುರದಲ್ಲಿ ಎಂದೂ ಮಲಗಿರಲಿಲ್ಲ.

ಜೂನ್‌ನ ಮೊದಲ ಮಳೆ ಬಿತ್ತು. ವಾರದಲ್ಲಿ ಕಚೇರಿಯ ಹಿಂದೆ ಕಾಲಿಡಲು ಜಾಗವಿಲ್ಲ. ಸೈಕಲ್ ಸ್ಟ್ಯಾಂಡಿನವರೆಗೂ ಗಿಡ. ಸಾಹೇಬರು ಹಿಗ್ಗಿ ಕೇಳಿದರು: "ಯಾರು ಮಾಡಿದ್ದು ಇದು?"

ಕಾವಲುಗಾರ ನನ್ನತ್ತ ಬೆರಳು ತೋರಿಸಿ, ರಜೆಯ ದಿನವೂ ಬಂದು ಒಬ್ಬರೇ ದುಡಿದರು ಎಂದ.

ಸಾಹೇಬರು ನನ್ನ ಕೈ ಕುಲುಕಿ, ಒಳಗೆ ಹೋಗಿ, ಅರ್ಜಿಯ ಮೇಲೆ ಅಂದೇ ಬರೆದು ಕಳಿಸಿದರು. ಬರೆದದ್ದು ಇಷ್ಟು: "ವರ್ಗ ಬೇಡ. ಇವರಿಲ್ಲದೆ ಈ ಕಚೇರಿ ನಡೆಯದು."

ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಆಕೆ ಕೇಳಿದಳು: "ಬಟಾಟಿ ಹೆಂಗ ಬೆಳೀತಾರಂತ ಗೊತ್ತೈತಿಲ್ಲೋ ನಿಮಗ? ತುಂಡು ಮಾಡೇ ನೆಡ್ತಾರ. ನಾ ಐದನೇ ಕ್ಲಾಸಿನ ಹುಡುಗರಿಗೆ ವರ್ಷಾ ವರ್ಷಾ ಇದನ್ನ ಕಲಿಸ್ತೀನಿ."

"ಮತ್ತ ಈಗೇನ್ ಮಾಡ್ಲಿ?" ಎಂದೆ.

"ಸಾಹೇಬ್ರು ಬರೋಬರ್ ಬರದಾರ," ಎಂದಳು. "ಅಲ್ಲೇ ಇರ್ರಿ."