ಜಿರಾಫೆ ಛಾಪ್ ಸಾರಿನ ಪುಡಿ

ಇಲ್ಲಿ ಬರೆಯುವುದರಲ್ಲಿ ಒಂದೆರಡು ತಪ್ಪಿರಬಹುದು. ವಕೀಲೆಯ ಕಚೇರಿ ಇದ್ದದ್ದು ಠಾಣೆ ಊರಿನಲ್ಲೋ ಕಲ್ಯಾಣದಲ್ಲೋ ಎಂಬ ವಿಷಯದಲ್ಲಿ ನನಗೂ ನನ್ನ ಡೈರಿಗೂ ಒಮ್ಮತವಿಲ್ಲ. ಆದರೆ ಒಂದು ಮಾತನ್ನು ಆಣೆ ಹಾಕಿ ಹೇಳಬಲ್ಲೆ. ಡೊಂಬಿವಲಿಯ ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಈ ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಸಾರಿನ ಪುಡಿಯ ಏಕಮಾತ್ರ ಒಡೆಯರು!

ಮಾವ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಠಾಣೆಯಿಂದ ವಾಶಿಯವರೆಗೆ ಯಾರ್ಯಾರದೋ ಹೋಟೆಲುಗಳಲ್ಲಿ ಸಾರು ಕುದಿಸಿದವರು. ಜನ ಬಾಯಿ ಚಪ್ಪರಿಸಿ ಹೊಗಳಿದ್ದು ಮಾತ್ರ ಹೋಟೆಲಿನ ಬೋರ್ಡನ್ನು. ಹಾಗಾಗಿ ಕೆಲಸ ಬಿಟ್ಟ ಮೇಲೆ ಅವರಿಗೆ ಒಂದೇ ಹಟ: ತಮ್ಮ ಕೈರುಚಿ, ತಮ್ಮದೇ ಛಾಪಿನ ಪೊಟ್ಟಣದಲ್ಲಿ ಅಂಗಡಿಯಲ್ಲಿ ಕೂರಬೇಕು. ಇದಕ್ಕೆ ಯಾರಾದರೂ ಮೊದಲು ಏನು ಮಾಡುತ್ತಾರೆ? ಕೊತ್ತಂಬರಿ ಹುರಿಯುತ್ತಾರೆ. ಮಾವ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದರು!

“ಪುಡಿ ಎಲ್ಲಿ ಮಾವ?” ಎಂದೆ.

“ಹೆಸರು ಸಿಗುವ ಮೊದಲು ಮಾಡಿದ್ರೆ ಕದೀತಾರೆ ಮಾರಾಯ್ತಿ.”

“ಇಲ್ಲದ್ದನ್ನು ಕದಿಯುವುದು ಹೇಗೆ?”

“ಅದಕ್ಕೇ ಮಾಡ್ಲಿಲ್ಲ.”

ನಾನು ಅತ್ತೆಯ ಕಡೆ ತಿರುಗಿದೆ.

“ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವ್ರ ಕತೆ ಕೇಳಿದ್ದೆ,” ಎಂದರು ಅತ್ತೆ. “ಇವ್ರು ಆಧಾರ್ ಕಾರ್ಡೇ ಮಾಡಿಸ್ಲಿಕ್ಕೆ ಹೊರಟಿದ್ದಾರೆ.”

ಸರಕು ಆಮೇಲೆ ಬಂದರೂ ಕಾನೂನಿನ ಅಡ್ಡಿಯಿಲ್ಲ ಎಂದು ಅರ್ಜಿ ಬರೆದುಕೊಟ್ಟ ವಕೀಲೆ ಹೇಳಿದ್ದೇ ತಪ್ಪಾಯಿತು. ಮಾವ ಮೊದಲು ‘ಉಡುಪಿ’ ಎಂದು ಬರೆಸಿದರು. ಊರಿನ ಹೆಸರು ಒಬ್ಬರ ಸೊತ್ತಲ್ಲವೆಂದು ನೋಂದಣಿ ಕಚೇರಿಯಿಂದ ಆಕ್ಷೇಪಣೆ ಬಂತು. ‘ಪರಮ ರುಚಿ’ ಎಂದರು. ತನ್ನನ್ನು ತಾನೇ ಹೊಗಳಿಕೊಳ್ಳುವ ಹೆಸರೂ ನಡೆಯದು! ಕೊನೆಗೆ ವಕೀಲೆ ಬೇಸತ್ತು, ಮಸಾಲೆಗೆ ಸಂಬಂಧವೇ ಇಲ್ಲದ ಹೆಸರು ತನ್ನಿ ಕಾಕಾ ಎಂದು ಕೈಮುಗಿದಳು. ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಮನೆ ಮುಟ್ಟುವಷ್ಟರಲ್ಲಿ ಮಾವನಿಗೆ ಹೆಸರು ಹೊಳೆದಿತ್ತು. ಜಿರಾಫೆ.

“ಸಾರಿಗೂ ಜಿರಾಫೆಗೂ ಎಂತ ಸಂಬಂಧ?” ಅತ್ತೆ ಕೇಳಿದರು.

“ಇಲ್ಲ. ಅದಕ್ಕೇ.”

“ಅದರ ಗಂಟಲಲ್ಲಿ ಇಳಿಯುವಷ್ಟರಲ್ಲಿ ಸಾರು ತಣ್ಣಗಾಗ್ತದೆ.”

ಸಾನಪಾಡಾದಿಂದ ಬಂದ ಮಾವನ ಮಗ, ಅವರು ಬರೆಸಿದ್ದ ಜಿರಾಫೆಯ ಚಿತ್ರ ನೋಡಿ, “ಪಪ್ಪಾ, ಲೋಗೋ ಮಸ್ತ್ ಹೈ. ಮಾಲ್ ಕಿಧರ್ ಹೈ?” ಎಂದ. ತಡವಾದ ಲೋಕಲ್ ಬಗ್ಗೆ ಹೇಳುವಂತೆ ಮಾವ, “ಆಯೇಗಾ, ಬರ್ತದೆ,” ಎಂದರು.

ಮುಂದೆ ಅವರ ದಿನಚರಿಯೇ ಬದಲಾಯಿತು. ತಮ್ಮ ಹೆಸರನ್ನು ಯಾರಾದರೂ ಕದ್ದಿದ್ದಾರೆಯೇ ಎಂದು ತಿಳಿಯಲು ಅಂಗಡಿ ಅಂಗಡಿಗೆ ಹೋಗಿ “ಜಿರಾಫೆ ಛಾಪ್ ಉಂಟಾ?” ಎಂದು ಕೇಳತೊಡಗಿದರು. ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಅಂಗಡಿಯವನಿಗೆ ಮನಸ್ಸಿದೆ? ಒಬ್ಬ, “ಸ್ಟಾಕ್ ಖತಂ ಅಂಕಲ್, ಕಲ್ ಆನಾ,” ಎಂದು ನಾಳೆ ಬರಲು ಹೇಳಿಬಿಟ್ಟ. ಮಾವ ಏದುಸಿರು ಬಿಡುತ್ತಾ ಮನೆಗೆ ಬಂದರು. “ನಕಲಿ ಮಾಲು ಬಂದಿದೆ. ಬಂದದ್ದು ಮಾತ್ರ ಅಲ್ಲ, ಖಾಲಿಯೂ ಆಗಿದೆ!”

ಅಸಲಿಯೇ ಇಲ್ಲದ ಸರಕಿನ ನಕಲಿ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಕ್ಕರೋ ಇಲ್ಲವೋ, ನೆನಪಿಲ್ಲ.

ಅಂತೂ ಟ್ರೇಡ್‌ಮಾರ್ಕ್ ಸಿಕ್ಕಿತು. ಇನ್ನು ನೆಪ ಉಳಿದಿರಲಿಲ್ಲ. ಮುಂದಿನ ಭಾನುವಾರ ಎಲ್ಲರೂ ಸೇರಿದಾಗ ಮಾವ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತರು. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದಾಯಿತು. ಕೊನೆಗೆ ಬಾಣಲೆಗೆ ಮೆಂತೆ ಬಿತ್ತು. ಸೀದ ವಾಸನೆ ಹಾಲಿನಲ್ಲಿದ್ದ ನಮ್ಮ ಮೂಗಿಗೇ ಬಡಿಯಿತು. ಬಾಣಲೆಯ ಮೇಲೆಯೇ ಬಾಗಿದ್ದ ಮಾವ ನಗುತ್ತಾ ಸೌಟಾಡಿಸುತ್ತಲೇ ಇದ್ದರು. ಅತ್ತೆ ಕೈ ಚಾಚಿ ಗ್ಯಾಸ್ ಆರಿಸಿದರು.

ಆ ಪುಡಿ ಹಾಕಿ ಕುದಿಸಿದ ಸಾರು ಕಹಿಯಾಗಿತ್ತು. ಮಾವ ಒಂದು ಗುಟುಕು ಕುಡಿದರು. ನಮ್ಮನ್ನು ಬಿಟ್ಟು, ಅತ್ತೆಯ ಮುಖವನ್ನೇ ನೋಡಿದರು.

“ಹದ ಬಂದಿದೆಯಾ?”

“ಬಂದಿದೆ,” ಎಂದರು ಅತ್ತೆ. “ನಿಮ್ಮದೇ ಕೈ ಅಲ್ವಾ.”

ಮಗ ಒಂದು ಕ್ಷಣ ತಾಯಿಯನ್ನು ನೋಡಿ, ತಟ್ಟೆ ಮುಂದೆ ಚಾಚಿದ. “ಪಪ್ಪಾ, ಔರ್ ಹೈ?”

ಊಟವಾದ ಮೇಲೆ, ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಪಕ್ಕ ನಿಂತು ಮೆಲ್ಲಗೆ ಒಂದು ಮಾತು ಕೇಳಿದೆ. ಅವರು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟರು. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಮಾವನಿಗೆ ರುಚಿ ಗೊತ್ತಾಗದೆ ಎಷ್ಟು ಸಮಯ ಆಯ್ತು?”