ಲ್ಯಾಪ್‌ಟಾಪಿಗೂ ಒಂದು ಮಾತು

ನಮ್ಮ ಮನೆಯಲ್ಲಿ ಒಂದು ಸ್ಟೂಲನ್ನು ಜರುಗಿಸಬೇಕಾದರೂ ಮೊದಲು ಆ ಸ್ಟೂಲಿಗೆ ತಿಳಿಸಬೇಕು. ಇದು ನನ್ನ ಸೋದರತ್ತೆಯ ಕಾನೂನು. ಹಗ್ಗ ಬದಲಿಸುವ ಮುನ್ನ ಎಮ್ಮೆಗೆ ಹೇಳುವುದು, ಎಲೆ ಕೀಳುವ ಮುನ್ನ ಕರಿಬೇವಿಗೆ ಹೇಳುವುದು ಗಂಗಾವತಿಯ ಬೇರೆ ಮನೆಗಳಲ್ಲೂ ಇದ್ದೀತು. ಆದರೆ ಗ್ಯಾಸ್ ಸಿಲಿಂಡರಿಗೆ? ಅತ್ತೆ ಖಾಲಿ ಸಿಲಿಂಡರಿನ ತಲೆ ಸವರಿ, "ಇವತ್ತಿಗೆ ನಿನ್ನ ಪಾಳೆ ಮುಗೀತು, ಹೋಗಿ ಬಾ" ಎನ್ನುವವರೆಗೆ ತುಂಬಿದ್ದನ್ನು ತಂದವನು ಹೊಸ್ತಿಲಾಚೆ ನಿಂತಿರಬೇಕು. ಅವನಿಗೂ ಈಗ ರೂಢಿಯಾಗಿದೆ. "ಹೇಳಿದ್ರೇನ್ರಿ?" ಎಂದು ಕೇಳಿಯೇ ಎತ್ತುತ್ತಾನೆ.

ನಮ್ಮ ಹಳೆಯ ಫ್ರಿಜ್ಜು ತಣ್ಣಗಾಗುವುದನ್ನು ಬಿಟ್ಟಾಗ, ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಣ್ಣ ಅದನ್ನು ತನ್ನ ಕೋಣೆಗೆ ಒಯ್ದ. ಒಯ್ಯುವ ಮುನ್ನ ಅತ್ತೆ ಅದಕ್ಕೆ ಬುದ್ಧಿ ಹೇಳಿದಳು: "ಹೊಸಾ ಊರು. ಬಾಗಿಲಾ ಗಟ್ಟಿ ಹಾಕ್ಕೋ." ಮುಂದಿನ ವಾರ ಅಣ್ಣ ಬಂದು, ಅದರಲ್ಲಿ ಈಗ ಮೊಸರೂ ಕಲ್ಲಾಗುತ್ತಿದೆ ಎಂದ.

"ನೋಡಿದ್ಯಾ?" ಎಂದಳು ಅತ್ತೆ.

"ಮೆಕ್ಯಾನಿಕ್ ಗ್ಯಾಸ್ ತುಂಬ್ಯಾನ ಅತ್ತಿ."

"ಗ್ಯಾಸ್ ಯಾರರ ತುಂಬತಾರ. ಹೇಳಿ ಕಳಿಸಿದಾಕಿ ಯಾರು?"

ಒಮ್ಮೆ ನಾನೂ ಅತ್ತೆಯೂ ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಹೋಗಿದ್ದೆವು. ಮನೆಯ ಬಾಗಿಲಿಗೆ ಹಾಕಿದ ಕೀಲಿಗೆ "ಕತ್ತಲಾಗೂದ್ರಾಗ ಬರತೇವಿ" ಎಂದು ಹೇಳಿ ಹೊರಟಿದ್ದ ಅತ್ತೆ, ವಾಪಸು ಬರುವಾಗ ಬಸ್ಸು ತಡವಾದದ್ದಕ್ಕೆ ಕುಳಿತಲ್ಲೇ ಚಡಪಡಿಸಿದಳು. ಪಕ್ಕದ ಹೆಂಗಸಿಗೆ ಕನಿಕರವಾಯಿತು. "ಮನ್ಯಾಗ ಸಣ್ಣ ಹುಡುಗ್ರು ಅದಾವೇನ್ರಿ?"

"ಇಲ್ಲವಾ, ಕೀಲಿ ಐತಿ."

ಮುಂದಿನ ಸೀಟು ಖಾಲಿಯಾದೊಡನೆ ಆ ಹೆಂಗಸು ಎದ್ದು ಹೋದಳು. ನಾನು ಕಿಟಕಿಯಾಚೆಯ ಭತ್ತದ ಗದ್ದೆಗಳಲ್ಲಿ ಬಹಳ ಆಸಕ್ತಿ ಇದ್ದವಳಂತೆ ಕುಳಿತಿದ್ದೆ.

ಇಂಥ ಅತ್ತೆಗೆ ನಾನೇ ಒಂದು ಮಾತು ಹೇಳಿರಲಿಲ್ಲ. ಕುಷ್ಟಗಿಯ ಕಾಲೇಜೊಂದರಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಮುಂದಿನ ಸೋಮವಾರದಿಂದ ಅಲ್ಲಿಯೇ ಕೋಣೆ ಹಿಡಿದು ಇರಬೇಕು. ಅವ್ವ ತೀರಿಕೊಂಡ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು, ಇಂದಿಗೂ ನನ್ನ ಮಂಚದ ಪಕ್ಕದಲ್ಲೇ ಹಾಸಿಗೆ ಹಾಸುವವಳು. ಅವಳಿಗೆ ಹೇಗೆ ಹೇಳುವುದು? ತೋಚದೆ ಲ್ಯಾಪ್‌ಟಾಪ್ ಸರಿ ಮಾಡುತ್ತ ಕುಳಿತೆ. ಮಾತು ತಪ್ಪಿಸಿಕೊಳ್ಳಲು ಅದಕ್ಕಿಂತ ಅನುಕೂಲದ ಯಂತ್ರ ಇನ್ನೊಂದಿಲ್ಲ.

ಅದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ನನ್ನ ಪಾಠದ ತಯಾರಿಯೆಲ್ಲ ಅದರಲ್ಲೇ ಇತ್ತು. ವಿಂಡೋಸ್ ಹಾಕಿಕೊಟ್ಟವರು ಅದರ ಹಾರ್ಡ್ ಡಿಸ್ಕನ್ನು ಐಡಿಇ ಎಂಬ ಹಳೆಯ ಪದ್ಧತಿಯಲ್ಲೇ ಬಿಟ್ಟಿದ್ದರು. ಎಎಚ್‌ಸಿಐ ಎಂಬ ಹೊಸ ಪದ್ಧತಿಗೆ ಬದಲಿಸಿದರೆ ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದೆ. ವಿಂಡೋಸ್ ಏಳುವ ಮೊದಲೇ ಸಿಗುವ ಬಯಾಸ್ ಪರದೆಗೆ ಹೋಗಿ ಒಂದೇ ಒಂದು ಸಾಲು ಬದಲಿಸಿದೆ. ನೀಲಿ ಪರದೆ ಬಂತು. ಆರಿತು. ಮತ್ತೆ ಬಂತು. ವಿಂಡೋಸ್ ಮಾತ್ರ ಬರಲಿಲ್ಲ.

ಭಾನುವಾರದ ರಜೆಗೆ ಬಂದಿದ್ದ ಅಣ್ಣ ಇಣುಕಿ ನೋಡಿದ. "ಹ್ಯಾಂಗೋ ನಡೀತಿತ್ತಲ್ಲ ತಂಗಿ. ಯಾಕ ಕೆದಕಿದಿ?"

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಬದಲ್ ಮಾಡೂಕಿಂತ ಮೊದಲ ಅದಕ್ಕ ಹೇಳಿದ್ಯೋ ಇಲ್ಲೋ?"

"ಅತ್ತಿ, ಅದು ಸಿಲಿಂಡರ್ ಅಲ್ಲ."

"ಸಿಲಿಂಡರ್ ಅದಕ್ಕಿಂತ ಶಾಣೇ ಐತಿ. ಯಾವಾಗರ ನೀಲಿ ಆಗೇತೇನು?"

ಅಣ್ಣ ನಕ್ಕು ನಕ್ಕು ಸುಸ್ತಾದ. ನಾನು ಮೊಬೈಲಿನಲ್ಲಿ ಪರಿಹಾರ ಹುಡುಕಿದೆ. ಮೊದಲು ಹಳೆಯ ಪದ್ಧತಿಗೇ ಮರಳಿಸಬೇಕು. ವಿಂಡೋಸ್ ಎದ್ದ ಮೇಲೆ, ಮುಂದಿನ ಸಲ ಸೇಫ್ ಮೋಡಿನಲ್ಲಿ, ಅಂದರೆ ತೀರ ಅಗತ್ಯದ್ದಷ್ಟರಿಂದಲೇ, ಏಳು ಎಂದು ಅದಕ್ಕೆ ಹೇಳಿಡಬೇಕು. ಆಮೇಲೆ ಬಯಾಸ್‌ನಲ್ಲಿ ಬದಲಿಸಬೇಕು. ಆಗ ಅದು ಗಾಬರಿಯಾಗದೆ ಎದ್ದು, ಹೊಸದಕ್ಕೆ ಬೇಕಾದುದನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಇನ್ನೊಮ್ಮೆ ಓದಿದೆ. ಅಣ್ಣನಿಗೆ ತೋರಿಸಲಿಲ್ಲ. ಬರೆದಂತೆಯೇ ಮಾಡಿದೆ.

"ಎದ್ದಿತೇನು?" ಅತ್ತೆ ಕೇಳಿದಳು.

"ಎದ್ದಿತು."

"ಹೇಳಿದಿ?"

"ಹೇಳಿದೆ."

ಆಗ ಅತ್ತೆ ಅಣ್ಣನತ್ತ ನೋಡಿದ ನೋಟದಲ್ಲಿ ಫ್ರಿಜ್ಜಿನ ಬಾಕಿಯೂ ವಸೂಲಾಯಿತು. ಅವನು ಚಹಾಪುಡಿ ತರುವ ನೆಪ ಮಾಡಿ ಅಂಗಡಿಗೆ ಹೋದ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. "ಅತ್ತಿ, ನಿನಗೊಂದು ಹೇಳೂದೈತಿ."

ಅಕ್ಕಿಯಲ್ಲಿ ಬೆರಳು ನಿಂತಿತು. "ಕುಷ್ಟಗಿದೇನು?"

"ನಿನಗ ಹ್ಯಾಂಗ ಗೊತ್ತಾತು?"

"ಕುಷ್ಟಗ್ಯಾಗ ಕ್ವಾಣಿ ಬಾಡಿಗಿ ಎಷ್ಟಂತ ಫೋನಿನ್ಯಾಗ ಕೇಳಾಕತ್ತಿದ್ದಿ. ಹೊಸಾ ಬಕೀಟ್ ತಂದು ಮಂಚದ ಕೆಳಗ ಮುಚ್ಚಿಟ್ಟಿ. ನಮ್ಮ ಮನ್ಯಾಗೇನು ಬಕೀಟ್ ಕಡಿಮಿ ಅದಾವ?"

ಅತ್ತೆ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ನಿನ್ನ ಮಂಚಕ್ಕ ಹೇಳೇನಿ, ಇನ್ನ ಆಕಿ ಶನಿವಾರಕ್ಕೊಮ್ಮೆ ಬರತಾಳಂತ. ಕನ್ನಡಿಗೂ ಹೇಳೇನಿ. ಎಮ್ಮಿಗೂ ಹೇಳೇನಿ." ಮೊರವನ್ನು ಮೆಲ್ಲಗೆ ಅಲುಗಿಸಿದಳು. "ನನಗಷ್ಟ ಹೇಳ್ಕೊಂಡಿದ್ದಿಲ್ಲ. ಅದನ್ನ ನೀನ ಹೇಳಲಿ ಅಂತ ಬಿಟ್ಟಿದ್ದೆ."